ಮಾನ್ವಿಯ ಸಂಜೆ ಪಾಠಕ್ಕೆ ಗೇಟ್ಸ್ ಫೌಂಡೇಶನ್ ಹಣ ಸಿಗುತ್ತಾ?

ಮಾನ್ವಿ ಹತ್ತಿರ ಸಂಜೆ ಪಾಠ ನಡೆಸುವ ನಿಮ್ಮ ಟ್ರಸ್ಟ್ ಗೇಟ್ಸ್ ಫೌಂಡೇಶನ್‌ಗೆ ಬರೆಯಬಹುದಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬಿಡಿ. ವಿದೇಶದ ಹಣಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ಅದಕ್ಕೆ ಸಾಮಾನ್ಯವಾಗಿ ಟ್ರಸ್ಟ್‌ಗೆ ಮೂರು ವರ್ಷ ತುಂಬಿ, ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಕೆಲಸಕ್ಕೇ ಖರ್ಚಾಗಿರಬೇಕು. ಬೇರೆ ಸಂಸ್ಥೆ ಮೂಲಕ ತರಿಸೋಣ ಅಂದ್ರೆ ಈ ಕಾಯ್ದೆಯ 2020ರ ತಿದ್ದುಪಡಿ ಆ ದಾರಿಯನ್ನೂ ಮುಚ್ಚಿದೆ.

ಬೆಂಗಳೂರಲ್ಲೇ ಅಜೀಂ ಪ್ರೇಮ್‌ಜಿ ಫೌಂಡೇಶನ್ ಇದೆ ಅಲ್ವಾ, ಅಲ್ಲಿ ಕೇಳಿ. ಆದಾಯ ತೆರಿಗೆ ಇಲಾಖೆಯ 12ಎ (ಟ್ರಸ್ಟ್‌ಗೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ಪತ್ರಗಳು, ಆಡಿಟ್ ಆದ ಲೆಕ್ಕ ಮೊದಲೇ ಜೋಡಿಸಿಡಿ. ಅರ್ಜಿಯಲ್ಲಿ ಸುಮ್ನೆ ‘ಗ್ರಾಮೀಣ ಸಬಲೀಕರಣ’ ಅಂತ ಬರೆದರೆ ಯಾರೂ ಓದಲ್ಲ. ಹತ್ತಿ ಬಿಡಿಸುವ ತಿಂಗಳಲ್ಲಿ ಎಷ್ಟು ಮಕ್ಕಳು ಬರಲಿಲ್ಲ, ಆಮೇಲೆ ಎಷ್ಟು ಜನ ವಾಪಸ್ ಬಂದರು, ಹಾಜರಿ ಪುಸ್ತಕದ ಪುಟದ ಸಮೇತ ತೋರಿಸಿ. ಮಕ್ಕಳ ಹೆಸರು ಮಾತ್ರ ಮುಚ್ಚಿ.