ಮನೆ ತುಂಬ ನೆಂಟರು, ಒಲೆ ಮುಂದೆ ಒಬ್ಬರೇ

ದಸರಾ ರಜೆ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಒಂದೇ ರಾಗ ಹಾಡುತ್ತವೆ: ‘ಇಷ್ಟು ಜನ ಬರ್ತಿದ್ದಾರೆ, ಏನು ಮಾಡಲಿ?’ ಈ ಸಲ ಅಂಥವನ್ನೇ ಆರಿಸಿಕೊಂಡಿದ್ದೇನೆ.

ಈ ದಸರೆಗೆ ನಾದಿನಿಯರು, ಮೈದುನ, ಅವರ ಮಕ್ಕಳು ಎಲ್ಲ ಸೇರಿ 20 ಜನ ಆಗುತ್ತೇವೆ. ಅತ್ತೆಗೆ ಮಂಡಿನೋವು, ಅಡುಗೆಮನೆಯಲ್ಲಿ ನಾನೊಬ್ಬಳೇ. ಎರಡು ಒಲೆ, 5 ಲೀಟರಿನ ಒಂದು ಕುಕ್ಕರ್ ಇದೆ. ಸುಲಭವಾಗಿ ಏನು ಮಾಡಬಹುದು?
– ಗೃಹಿಣಿ, ತುಮಕೂರು

ಮೊದಲು ಏನು ಮಾಡಬಾರದು ಅನ್ನುವುದನ್ನು ಹೇಳಿಬಿಡುತ್ತೇನೆ. ಪೂರಿ ಬೇಡ, ವಡೆ ಬೇಡ, ದೋಸೆಯಂತೂ ಬೇಡವೇ ಬೇಡ. ಲೆಕ್ಕ ಹಾಕಿ ನೋಡಿ. ಮನೆಯ ಬಾಣಲೆಗೆ ಒಂದು ಸಲಕ್ಕೆ ನಾಲ್ಕು ವಡೆ ಬಿಡಬಹುದು, ಅದು ಬೇಯಲು ನಾಲ್ಕು ನಿಮಿಷ ಬೇಕು. ತಲೆಗೆ ಎರಡರಂತೆ 40 ವಡೆ ಅಂದರೆ ಮುಕ್ಕಾಲು ಗಂಟೆ ನೀವು ಎಣ್ಣೆ ಮುಂದೆ. ಅಷ್ಟರಲ್ಲಿ ಮೊದಲು ಕರಿದದ್ದು ಮೆತ್ತಗಾಗಿರುತ್ತದೆ, ಎಲೆ ಮುಂದೆ ಕೂತವರು ನಿಮ್ಮನ್ನೇ ಕಾಯುತ್ತಿರುತ್ತಾರೆ.

ಸುಲಭದ ಅಡುಗೆ ಅಂದರೆ ಕಡಿಮೆ ಐಟಂ ಎಂದು ತುಂಬ ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಬಡಿಸುವುದಕ್ಕೆ ಮುಂಚಿನ ಕೊನೆಯ ಒಂದು ಗಂಟೆಯಲ್ಲಿ ನೀವು ಎಷ್ಟು ಕೆಲಸ ಇಟ್ಟುಕೊಂಡಿದ್ದೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಆ ಗಂಟೆಯಲ್ಲಿ ಒಲೆ ಮೇಲೆ ಒಂದೇ ಕೆಲಸ ಇರಬೇಕು. ಉಳಿದದ್ದೆಲ್ಲ ಮಾಡಿಟ್ಟಷ್ಟೂ ರುಚಿ ಕೂಡುವಂಥದ್ದಾಗಿರಲಿ.

ನಿಮಗೆ ನಾನು ಹೇಳುವುದು ಬಿಸಿಬೇಳೆಬಾತು, ಕೋಸಂಬರಿ, ಮೊಸರನ್ನ, ಹೆಸರುಬೇಳೆ ಪಾಯಸ. ಕೊನೆಗೆ ಕರಿಯಲು ಬಾಳಕದ ಮೆಣಸಿನಕಾಯಿ, ಸಂಡಿಗೆ. ಅಷ್ಟೇ.

20 ಜನಕ್ಕೆ, ಅದರಲ್ಲಿ ಐದಾರು ಮಕ್ಕಳಿದ್ದರೆ, 1 ಕಿಲೋ ಅಕ್ಕಿ, 650 ಗ್ರಾಂ ತೊಗರಿಬೇಳೆ, ಒಂದೂಕಾಲು ಕಿಲೋ ತರಕಾರಿ ಸಾಕು. ನಿಮ್ಮ ಕುಕ್ಕರಿನಲ್ಲಿ ಅಕ್ಕಿ, ಬೇಳೆ ಎರಡನ್ನೂ ಒಟ್ಟಿಗೆ ಬೇಯಿಸಲು ಹೋಗಬೇಡಿ. ಉಕ್ಕುವ ಬೇಳೆ, ಅಕ್ಕಿಗೆ ಕುಕ್ಕರಿನ ಅರ್ಧದಷ್ಟು ಜಾಗ ಖಾಲಿ ಇರಬೇಕು, ಇಲ್ಲವಾದರೆ ನೊರೆ ಏರಿ ವಿಷಲ್‌ನ ತೂತು ಕಟ್ಟಿಕೊಳ್ಳುತ್ತದೆ. ಬೇಳೆ ಮಾತ್ರ ಕುಕ್ಕರಿಗೆ, ಅದು ಒಂದೇ ಸಲಕ್ಕೆ ಹಿಡಿಯುತ್ತದೆ. ಅಕ್ಕಿಯನ್ನು ಇನ್ನೊಂದು ಒಲೆಯಲ್ಲಿ ದೊಡ್ಡ ಪಾತ್ರೆಯಲ್ಲಿ ನಾಲ್ಕು ಪಟ್ಟು ನೀರಿಟ್ಟು ಮೆತ್ತಗೆ ಬೇಯಿಸಿ. ತರಕಾರಿಯನ್ನು ಬೇರೆಯಾಗಿ ಮುಕ್ಕಾಲು ಪಾಲು ಬೇಯಿಸಿಕೊಳ್ಳಿ. ಪಾತ್ರೆ 10 ಲೀಟರಿಗಿಂತ ಚಿಕ್ಕದಾಗದಿರಲಿ. ಪಕ್ಕದ ಮನೆಯಲ್ಲಿ ಕೇಳಿ ತನ್ನಿ, ಹಬ್ಬಕ್ಕೆ ಪಾತ್ರೆ ಕೊಡದವರಿಲ್ಲ.

ಹುಣಸೆರಸ ಬೇಳೆ ಬೆಂದ ಮೇಲೆಯೇ ಹಾಕಬೇಕು. ಹುಳಿ ಬಿದ್ದರೆ ಬೇಳೆ ಮೆತ್ತಗಾಗುವುದೇ ಇಲ್ಲ. ಮದುವೆಯಾದ ಹೊಸದರಲ್ಲಿ ನಮ್ಮ ಅತ್ತಿಗೆಯ ಸೀಮಂತಕ್ಕೆ ಅವಸರದಲ್ಲಿ ಎಲ್ಲ ಒಟ್ಟಿಗೆ ಸುರಿದು, ಎರಡು ಗಂಟೆ ಕುದಿಸಿದರೂ ಬೇಳೆ ಕಲ್ಲಿನ ಹಾಗೆ ಉಳಿದಿತ್ತು. ಅವತ್ತು ಪಾಠ ಕಲಿತೆ.

ಬಿಸಿಬೇಳೆಬಾತು ಆರುತ್ತಾ ಬಂದ ಹಾಗೆ ಅಕ್ಕಿ ನೀರು ಹೀರಿ ಗಟ್ಟಿಯಾಗುತ್ತದೆ. ಆದ್ದರಿಂದ ಒಲೆಯಿಂದ ಇಳಿಸುವಾಗ ‘ಅಯ್ಯೋ, ನೀರಾಯಿತಲ್ಲ’ ಅನ್ನಿಸುವಷ್ಟು ತೆಳುವಾಗಿರಲಿ. ಪಕ್ಕದಲ್ಲಿ ಒಂದು ಚೊಂಬು ಬಿಸಿನೀರು ಇಟ್ಟುಕೊಳ್ಳಿ. ಬಡಿಸುವಾಗ ಬೇಕಾದರೆ ಬೆರೆಸಿ, ಮೇಲೆ ತುಪ್ಪ. ಪುಡಿಯನ್ನು ವಾರದ ಮುಂಚೆಯೇ ಮಾಡಿಡಬಹುದು. ಕೊಬ್ಬರಿ ಮಾತ್ರ ಕಮಟು ಹಿಡಿಯುತ್ತದೆ, ಅದನ್ನು ಆ ದಿನ ಹುರಿದು ಸೇರಿಸಿ.

ಕೋಸಂಬರಿಗೆ ಕಾಲು ಕಿಲೋ ಹೆಸರುಬೇಳೆ ಒಂದು ಗಂಟೆ ನೆನೆದರೆ ಸಾಕು. ಸೌತೆಕಾಯಿ ಹೆಚ್ಚಿಡಿ, ಒಗ್ಗರಣೆಯನ್ನೂ ಹಾಕಿಡಿ. ಉಪ್ಪು ಮತ್ತು ನಿಂಬೆರಸ ಎಲೆ ಹಾಕಿದ ಮೇಲೆ. ಉಪ್ಪು ಸೌತೆಯ ನೀರನ್ನೆಲ್ಲ ಹೊರಗೆಳೆಯುತ್ತದೆ. ಬೇಗ ಹಾಕಿದರೆ ಕೋಸಂಬರಿ ಸಾರಾಗುತ್ತದೆ. ಮೊಸರನ್ನವನ್ನು ಹೆಚ್ಚು ಹಾಲು, ಕಡಿಮೆ ಮೊಸರಿನಲ್ಲಿ ಕಲಸಿಡಿ, ಮಧ್ಯಾಹ್ನದ ಹೊತ್ತಿಗೆ ಹದ ಹುಳಿ ಬಂದಿರುತ್ತದೆ. ಪಾಯಸಕ್ಕೆ ಹಾಲು ಹಾಕುವ ಮುಂಚೆ ಬೆಲ್ಲದ ಬೇಳೆಯನ್ನು ಉಗುರುಬೆಚ್ಚಗಾಗಲು ಬಿಡಿ, ಕುದಿಯುವ ಬೆಲ್ಲಕ್ಕೆ ಹಾಲು ಬಿದ್ದರೆ ಒಡೆಯುತ್ತದೆ. ಕಾಯಿಹಾಲಾದರೆ ಆ ಭಯ ಕಡಿಮೆ, ರುಚಿಯೂ ಹೆಚ್ಚು ಅನ್ನುವುದು ನನ್ನ ಪಕ್ಷಪಾತ.

ಮರುದಿನ ಬೆಳಿಗ್ಗೆ ತಿಂಡಿಗೆ ಏನು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿಯನ್ನು ರವೆಯ ಹಾಗೆ ಪುಡಿಮಾಡಿ, ಹುಣಸೆರಸ, ಬೆಲ್ಲ, ಸಾರಿನ ಪುಡಿ, ಉಪ್ಪು ಕಲಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಒಗ್ಗರಣೆಯೊಂದಕ್ಕೆ ಬಿಟ್ಟು ಒಲೆಯೇ ಬೇಡ.

ಅಂದ ಹಾಗೆ, ಸಿಲಿಂಡರ್ ಅಲುಗಾಡಿಸಿ ನೋಡಿದ್ದೀರಾ? ಅದು ಮುಗಿಯುವುದು ಹಬ್ಬದ ದಿನವೇ.

ಒಬ್ಬಟ್ಟಿಗೆ ಹೂರಣ ಮಾಡಿದಾಗಲೆಲ್ಲ ತೆಳುವಾಗಿಬಿಡುತ್ತದೆ. ತಟ್ಟುವಾಗ ಹರಿದು ಹೊರಗೆ ಬರುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?
– ಮಂಡ್ಯದ ಓದುಗರು

ತಪ್ಪು ಬೆಲ್ಲದಲ್ಲಿ ಅಲ್ಲ, ಬೇಳೆಯಲ್ಲಿ. ಕಡಲೆಬೇಳೆಯನ್ನು ಬೆರಳಲ್ಲಿ ಹಿಚುಕಿದರೆ ಪುಡಿಯಾಗಬೇಕು, ಆದರೆ ನೀರಿನಲ್ಲಿ ಕರಗಿರಬಾರದು. ಕುಕ್ಕರಿನಲ್ಲಿ ಕೂಗಿಸಿದರೆ ಈ ಹದ ಕೈತಪ್ಪುತ್ತದೆ, ತೆರೆದ ಪಾತ್ರೆಯಲ್ಲೇ ಬೇಯಿಸಿ. ಬೆಂದ ಮೇಲೆ ಜರಡಿಗೆ ಸುರಿದು ಕಾಲು ಗಂಟೆ ಸುಮ್ಮನೆ ಬಿಡಿ. ಇಳಿದ ಕಟ್ಟನ್ನು ಚೆಲ್ಲಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ, ಒಬ್ಬಟ್ಟಿನ ಸಾರಿಗೆ ಅದೇ ಜೀವ.

ಬೆಲ್ಲ ಹಾಕಿದ ಕೂಡಲೇ ಹೂರಣ ನೀರಾಗುತ್ತದೆ. ಅದು ಸಹಜ, ಗಾಬರಿಯಾಗಿ ಹಿಟ್ಟು ಸುರಿಯಬೇಡಿ. ತಳ ದಪ್ಪಗಿರುವ ಪಾತ್ರೆಯಲ್ಲಿ ಸೌಟು ನಿಲ್ಲುವವರೆಗೆ ಕೆದಕಿ. ಆರಿದ ಮೇಲೆ ಅದು ಇನ್ನೂ ಗಟ್ಟಿಯಾಗುತ್ತದೆ. ಅಷ್ಟಾದರೂ ಕೈಗೆ ಅಂಟಿದರೆ ಎರಡು ಚಮಚ ಹುರಿಗಡಲೆ ಪುಡಿ ಬೆರೆಸಿ ರುಬ್ಬಿ.

ಅರ್ಧ ಕಿಲೋ ಬೇಳೆಗೆ ಸುಮಾರು ಅಷ್ಟೇ ಬೆಲ್ಲ, 25 ಒಬ್ಬಟ್ಟಿನ ಆಸುಪಾಸು ಆಗುತ್ತದೆ. ಕಣಕ ಎಣ್ಣೆಯಲ್ಲಿ ಮುಳುಗಿ ಕನಿಷ್ಠ ಎರಡು ಗಂಟೆ ನೆನೆಯಬೇಕು. ಎಳೆದರೆ ರಬ್ಬರಿನ ಹಾಗೆ ಹಿಂದಕ್ಕೆ ಓಡುವ ಕಣಕದಲ್ಲಿ ಎಂಥ ಹೂರಣವೂ ಹೊರಗೆ ಬರುತ್ತದೆ. ಹೂರಣವನ್ನು ಎರಡು ದಿನ ಮುಂಚೆ ಮಾಡಿ ಉಂಡೆ ಕಟ್ಟಿ ಫ್ರಿಜ್‌ನಲ್ಲಿಟ್ಟರೆ ಹಬ್ಬದ ದಿನ ತಟ್ಟಿ ಬೇಯಿಸುವುದಷ್ಟೇ ಉಳಿಯುತ್ತದೆ. ಒಬ್ಬಟ್ಟನ್ನೂ ಹಿಂದಿನ ಸಂಜೆಯೇ ಬೇಯಿಸಿಡಿ ಅನ್ನುತ್ತೇನೆ. ಹಾಲು, ತುಪ್ಪದ ಜೊತೆ ತಂಗಳು ಒಬ್ಬಟ್ಟಿನ ಮುಂದೆ ಬಿಸಿಯದು ಏನೂ ಅಲ್ಲ.

ನಮ್ಮ ತವರುಮನಿಯಿಂದ ದೀಪಾವಳಿಗೆ ಹದಿನೈದು ಮಂದಿ ಬೆಂಗಳೂರಿಗೆ ಬರಾಕತ್ತಾರ್ರಿ. ಎಲ್ಲಾರಿಗೂ ರೊಟ್ಟಿನ ಬೇಕ. ನಾ ಒಬ್ಬಾಕಿ ರೊಟ್ಟಿ ಬಡಕೋತ ಕುಂತ್ರ ಮಾತಾಡೂದು ಯಾವಾಗ್ರಿ?
– ವಿಜಯಪುರದಾಕಿ, ಈಗ ಬೆಂಗಳೂರು

ಮಾತಾಡುವುದು ಯಾವಾಗ ಅಂದಿರಲ್ಲ, ಆ ಒಂದು ಸಾಲಿಗೇ ನಿಮ್ಮ ಪತ್ರ ಆರಿಸಿದೆ. ಉತ್ತರ ನಿಮ್ಮ ಊರಿನಲ್ಲೇ ಇದೆ: ಖಡಕ್ ರೊಟ್ಟಿ. ಬರುವವರ ಕೈಯಲ್ಲೇ ತರಿಸಿಕೊಳ್ಳಿ. ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಅಲ್ಲಿ ಓಣಿಗೊಬ್ಬರಿದ್ದಾರೆ, ನೀವು ಸಂಕೋಚಪಡುವಂಥದ್ದು ಏನೂ ಇಲ್ಲ. ತೇವ ತಾಕದ ಹಾಗೆ ಇಟ್ಟರೆ ಅದು ತಿಂಗಳುಗಟ್ಟಲೆ ಕೆಡುವುದಿಲ್ಲ. ಹಿರಿಯರಿಗೆ ಹಲ್ಲಿನ ತೊಂದರೆ ಇದ್ದರೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಸುತ್ತಿಡಿ, ಮೆತ್ತಗಾಗುತ್ತದೆ.

ರೊಟ್ಟಿಯ ಚಿಂತೆ ಹೋದ ಮೇಲೆ ಉಳಿದದ್ದು ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ. ಎರಡೂ ಬೆಳಿಗ್ಗೆ ಮಾಡಿಟ್ಟು ಮಧ್ಯಾಹ್ನ ಬಡಿಸಿದರೇನೇ ಮಸಾಲೆ ಇಳಿದಿರುತ್ತದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಹೇಗೂ ಡಬ್ಬಿಯಲ್ಲಿರುತ್ತವೆ. ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪಿನ ಪಚಡಿ. ಸಿಹಿಗೆ ಶೇಂಗಾ ಹೋಳಿಗೆ ನಾಲ್ಕು ದಿನ ಮುಂಚೆಯೇ ಆಗಲಿ, ಅದು ವಾರ ಇದ್ದರೂ ಕೆಡುವುದಿಲ್ಲ. ಈ ಊಟದಲ್ಲಿ ಬಂದವರು ಬಂದ ಹೊತ್ತಿನ ಬಿಸಿ ಅಡುಗೆ ಅನ್ನುವುದೇ ಇಲ್ಲ ನೋಡಿ. ದಕ್ಷಿಣದ ನಾವು ಇದನ್ನು ನಿಮ್ಮಿಂದ ಕಲಿಯಬೇಕು.

ಮಜ್ಜಿಗೆ ಹುಳಿ ಒಡೆಯದಂತೆ ಮಾಡುವುದು ಹೇಗೆ?
– ಹಾಸನದ ಓದುಗರು

ರುಬ್ಬುವ ಕಾಯಿಯ ಜೊತೆ ನೆನೆಸಿದ ಕಡಲೆಬೇಳೆ ಎರಡು ಚಮಚ ಸೇರಲಿ, ಅದು ಮಜ್ಜಿಗೆಯನ್ನು ಹಿಡಿದಿಡುತ್ತದೆ. ಬೂದುಗುಂಬಳ ಮಸಾಲೆಯಲ್ಲಿ ಬೆಂದು ಉರಿ ಸಣ್ಣದಾದ ಮೇಲೆ ಕಡೆದ ಮಜ್ಜಿಗೆ ಹಾಕಿ. ಅಂಚಿನಲ್ಲಿ ಗುಳ್ಳೆ ಕಂಡ ತಕ್ಷಣ ಇಳಿಸಿ. ಮತ್ತೆ ಕುದಿಸಬೇಡಿ, ಯಾರು ಹೇಳಿದರೂ.

ರಾತ್ರಿ ಊಟಕ್ಕೆ ಮಾಡಿದ ಅನ್ನ ತುಂಬ ಉಳಿಯುತ್ತದೆ. ಅದನ್ನು ಹಾಗೇ ಮುಚ್ಚಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡಿದರೆ ಮಕ್ಕಳಿಗೆ ತೊಂದರೆ ಎಂದು ಮಗಳು ಜಗಳ ಆಡುತ್ತಾಳೆ. ನಾವೆಲ್ಲ ತಿಂದು ಬೆಳೆದಿಲ್ಲವೇ?
– ಅಜ್ಜಿಯೊಬ್ಬರು, ದಾವಣಗೆರೆ

ಮಗಳ ಮಾತಿನಲ್ಲಿ ಸತ್ಯವಿದೆ, ಅಮ್ಮಾ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳಿರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಬೆಚ್ಚಗಿರುವ ಅನ್ನದಲ್ಲಿ ಗಂಟೆಗಟ್ಟಲೆ ಬಿಟ್ಟರೆ ಮೊಳೆತು, ಬೆಳೆದು ವಿಷ ಬಿಡುತ್ತವೆ. ಒಂದು ಸಲ ಆ ವಿಷ ಹುಟ್ಟಿತೆಂದರೆ ಬೆಳಿಗ್ಗೆ ಎಷ್ಟು ಚೆನ್ನಾಗಿ ಹುರಿದರೂ ಹೋಗುವುದಿಲ್ಲ, ವಾಂತಿ ಶುರುವಾಗುತ್ತದೆ. ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟ ಅನ್ನದ ನಡುಭಾಗ ಮಧ್ಯರಾತ್ರಿಯವರೆಗೂ ಬೆಚ್ಚಗೇ ಇರುತ್ತದೆ. ನೀವು ನಾಲ್ಕು ಜನಕ್ಕೆ ಅನ್ನ ಮಾಡುತ್ತಿದ್ದಾಗ ಇಲ್ಲದ ತೊಂದರೆ 20 ಜನಕ್ಕೆ ಮಾಡುವಾಗ ಬರುವುದು ಇದರಿಂದಲೇ.

ಹಾಗಂತ ಚಿತ್ರಾನ್ನ ಬಿಡಬೇಕಿಲ್ಲ. ಊಟ ಮುಗಿದ ಕೂಡಲೇ ಅನ್ನವನ್ನು ಅಗಲ ತಟ್ಟೆಗಳಲ್ಲಿ ತೆಳುವಾಗಿ ಹರಡಿ ಆರಿಸಿ, ಚಿಕ್ಕ ಡಬ್ಬಿಗಳಲ್ಲಿ ಫ್ರಿಜ್‌ಗೆ ಹಾಕಿ. ಬೇಯಿಸಿದ್ದು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇರದಿರಲಿ. ಫ್ರಿಜ್‌ನಲ್ಲಿ ಗಟ್ಟಿಯಾದ ಅನ್ನ ಚಿತ್ರಾನ್ನಕ್ಕೆ ಉದುರುದುರಾಗಿ ಬರುತ್ತದೆ. ಬೆಳಿಗ್ಗೆ ಹೊಗೆಯಾಡುವಷ್ಟು ಬಿಸಿ ಮಾಡಿ. ಮಗಳಿಗೂ ಒಪ್ಪಿಗೆಯಾಗುತ್ತದೆ.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಅಣ್ಣ, ಅತ್ತಿಗೆ, ಚಿಕ್ಕಮ್ಮನ ಮಕ್ಕಳು ಎಲ್ಲ ನಮ್ಮಲ್ಲಿ ಸೇರುತ್ತಾರೆ. ಇಡ್ಲಿ ಬೇಕೇ ಬೇಕು ಅನ್ನುತ್ತಾರೆ. ಈ ಚಳಿಗೆ ಹಿಟ್ಟು ಹುದುಗುವುದೇ ಇಲ್ಲ.
– ಷಿಕಾಗೊ ಬಳಿಯ ಕನ್ನಡಿಗರು

ಹಿಟ್ಟು ಹುಳಿಯಲು 25ರಿಂದ 30 ಡಿಗ್ರಿ ಸೆಲ್ಸಿಯಸ್ ಬೇಕು. ಒಲೆಯ ಅವನ್ ಹಚ್ಚದೆ ಒಳಗಿನ ದೀಪ ಮಾತ್ರ ಹಾಕಿ ಹಿಟ್ಟನ್ನು ಒಳಗಿಡಿ, ಆ ಬಲ್ಬಿನ ಶಾಖವೇ ಸಾಕಾಗುತ್ತದೆ. ರಾತ್ರಿಯೊಂದೇ ಸಾಲದು, 14 ಗಂಟೆಯಾದರೂ ಬಿಡಿ. ಪಾತ್ರೆ ಅರ್ಧ ಖಾಲಿ ಇರಲಿ. ಅವನ್ ಬಾಗಿಲಿಗೆ ಒಂದು ಚೀಟಿ ಅಂಟಿಸುವುದನ್ನು ಮರೆಯಬೇಡಿ. ರಜೆಯ ದಿನ ಯಾರೋ ಏನೋ ಬೇಯಿಸಲು ಅವನ್ ಹಚ್ಚಿಬಿಟ್ಟರೆ ನಿಮ್ಮ ಹಿಟ್ಟು ಪಾತ್ರೆಯಲ್ಲೇ ಕಡುಬಾಗುತ್ತದೆ.

ಇಷ್ಟೆಲ್ಲ ಯಾಕೆ ಅನ್ನಿಸಿದರೆ ರವೆ ಇಡ್ಲಿ ಮಾಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಹುಟ್ಟಿದ ತಿಂಡಿ ಅದು ಎಂದು ಬೆಂಗಳೂರಿನ ಎಂಟಿಆರ್‌ನವರು ಹೇಳಿಕೊಳ್ಳುತ್ತಾರೆ. ರವೆಯನ್ನು ಒಗ್ಗರಣೆಯಲ್ಲಿ ಹುರಿದು ಡಬ್ಬಿಯಲ್ಲಿಟ್ಟುಕೊಂಡಿದ್ದರೆ, ಬೆಳಿಗ್ಗೆ ಮೊಸರಿನಲ್ಲಿ ಅರ್ಧ ಗಂಟೆ ಕಲಸಿಟ್ಟು, ಹಬೆಗೆ ಇಡುವ ಮುಂಚೆ ಚಿಟಿಕೆ ಸೋಡ. ಹುದುಗಿಸುವ ಗೋಜೇ ಇಲ್ಲ.

ಬಂದವರೆಲ್ಲ ‘ಏನಾದ್ರೂ ಸಹಾಯ ಮಾಡ್ಲಾ?’ ಅಂತಾರೆ. ‘ಬೇಡ, ನೀವು ಕೂತ್ಕೊಳ್ಳಿ’ ಅಂದು ಆಮೇಲೆ ಒಳಗೊಳಗೇ ಸಿಡುಕುತ್ತೇನೆ. ಏನು ಮಾಡಲಿ?
– ಮೈಸೂರಿನ ಓದುಗರು

ಕೂತುಕೊಳ್ಳಿ ಅನ್ನಬೇಡಿ. ಆದರೆ ‘ಏನಾದರೂ ಮಾಡಿ’ ಅಂತಲೂ ಅನ್ನಬೇಡಿ, ಅವರು ಅಡುಗೆಮನೆಗೆ ಬಂದು ನಿಮ್ಮ ಕಾಲಿಗೆ ಅಡ್ಡ ನಿಲ್ಲುತ್ತಾರೆ. ಇದು ನಿಮ್ಮದು ಎಂದು ಬಿಡಿಸಿ ಹೇಳಿ. ಎಲೆ ತೊಳೆದು ಒರೆಸುವುದು ಭಾವನವರಿಗೆ, ಕಾಯಿ ತುರಿಯುವುದು ಮೈದುನನಿಗೆ, ಸಂಡಿಗೆ ಕರಿಯುವುದು ನಾದಿನಿಗೆ. ಮಕ್ಕಳಿಗೆ ಬೆಳ್ಳುಳ್ಳಿ ಬಿಡಿಸಲು ಕೊಡಿ. ಸಂಕ್ರಾಂತಿಯ ಹೊತ್ತಾದರೆ ಅವರೆಕಾಳು ಹಿತುಕಲು ಕೂರಿಸಿ, ಒಬ್ಬರ ಮುಖಕ್ಕೆ ಒಬ್ಬರು ಹಾರಿಸಿಕೊಂಡು ಅರ್ಧ ಕಾಳು ನೆಲದ ಪಾಲಾಗುತ್ತದೆ, ಇರಲಿ ಬಿಡಿ.

ಉಪ್ಪು ಹಾಕುವ ಕೆಲಸ ಮಾತ್ರ ಒಬ್ಬರ ಕೈಯಲ್ಲೇ ಇರಬೇಕು. ನಮ್ಮ ಮನೆಯ ಗೃಹಪ್ರವೇಶದ ದಿನ ಸಾರಿಗೆ ನಾನು ಉಪ್ಪು ಹಾಕಿದೆ, ನಾನು ಮರೆತಿರಬಹುದು ಎಂದು ನಮ್ಮತ್ತೆ ಹಾಕಿದರು, ಇಬ್ಬರೂ ಮರೆತಿರಬಹುದು ಎಂದು ಚಿಕ್ಕತ್ತೆ ಹಾಕಿದರು. ಇನ್ನಷ್ಟು ಬೇಳೆ ಬೇಯಿಸಿ, ನೀರು ಬೆರೆಸಿ, ಹುಣಸೆ ಹಿಂಡಿ ಸರಿ ಮಾಡುವಷ್ಟರಲ್ಲಿ ಒಂದು ಪಾತ್ರೆ ಸಾರು ಮೂರು ಪಾತ್ರೆಯಾಗಿತ್ತು. ಬಂದವರಿಗೆಲ್ಲ ಹೋಗುವಾಗ ತಾಂಬೂಲದ ಜೊತೆ ಒಂದೊಂದು ಡಬ್ಬಿ ಸಾರನ್ನೂ ಕೊಟ್ಟು ಕಳಿಸಿದೆವು.