ಅಕ್ಕನ ಮಗನ ಕೈಖರ್ಚಿಗೆ ದುಡ್ಡು ಕಳಿಸೋದು ಹೇಗೆ?

ಪ್ರಶ್ನೆ: ಅಕ್ಕನ ಮಗ ಜರ್ಮನಿಯಲ್ಲಿ ಎಂ.ಎಸ್. ಓದುತ್ತಿದ್ದಾನೆ. ಫೀಸು, ಬಾಡಿಗೆಗೆ ಲೋನ್ ಇದೆ. ಕೈಖರ್ಚಿಗೆ ನಾನು ತಿಂಗಳಿಗೆ 20,000 ರೂಪಾಯಿ ಕಳಿಸೋಣ ಅಂತಿದ್ದೇನೆ. ಅಡಿಕೆ ದುಡ್ಡೆಲ್ಲ ಸೊಸೈಟಿ ಖಾತೆಯಲ್ಲಿದೆ. ವಿಚಾರಿಸಿದರೆ ಕಮಿಷನ್, ಜಿಎಸ್‌ಟಿ, ಟಿಸಿಎಸ್ ಅಂತ ಹೆದರಿಸಿದರು. ಕಡಿಮೆ ಖರ್ಚಿನ ದಾರಿ ಯಾವುದು?
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ಹಿಡಿದುಕೊಳ್ಳುವ ತೆರಿಗೆ) ಚಿಂತೆ ಬಿಡಿ. 2025ರ ಏಪ್ರಿಲ್ 1ರಿಂದ, ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಹೊರದೇಶಕ್ಕೆ ಕಳಿಸುವ ಹಣ 10 ಲಕ್ಷ ದಾಟಿದರೆ ಮಾತ್ರ ಅದರ ಮಾತು. ನಿಮ್ಮದು ವರ್ಷಕ್ಕೆ 2.4 ಲಕ್ಷ. ಜಿಎಸ್‌ಟಿಯೂ ಪೂರ್ತಿ ಹಣದ ಮೇಲೆ ಬೀಳಲ್ಲ. ಲಕ್ಷದವರೆಗೆ ಕಳಿಸಿದರೆ ಅದರ 1% (ಕನಿಷ್ಠ 250 ರೂಪಾಯಿ) ಲೆಕ್ಕ ಹಿಡಿದು, ಅಷ್ಟಕ್ಕೆ ಮಾತ್ರ 18%. ಅಂದರೆ 20,000ಕ್ಕೆ 45 ರೂಪಾಯಿ. ಕಮಿಷನ್ ಮೇಲಿನ ಜಿಎಸ್‌ಟಿ ಬೇರೆ.

ಜಾಸ್ತಿ ಹೋಗೋದು ಯೂರೋ ದರದಲ್ಲಿ, ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲ್ಲ. ಪೇಪರಲ್ಲಿ ರಾಶಿ ಅಡಿಕೆಗೆ ಒಂದು ಧಾರಣೆ, ಮಂಡಿಯಲ್ಲಿ ನಿಮ್ಮ ಕೈಗೆ ಸಿಗೋದು ಇನ್ನೊಂದು ಅಲ್ವಾ, ಇಲ್ಲೂ ಹಾಗೇ. ಗೂಗಲ್‌ನಲ್ಲಿ ಕಾಣುವ ದರಕ್ಕಿಂತ ಬ್ಯಾಂಕು 2% ಜಾಸ್ತಿ ಹಿಡಿದರೆ 20,000ಕ್ಕೆ 400 ರೂಪಾಯಿ ಅಲ್ಲೇ ಹೋಯಿತು. ‘ಕಮಿಷನ್ ಸೊನ್ನೆ’ ಅನ್ನುವವರ ದರವನ್ನಂತೂ ಎರಡು ಸಲ ನೋಡಿ. ಎಲ್ಲ ಕಡೆ ಒಂದೇ ಪ್ರಶ್ನೆ ಕೇಳಿ: ನನ್ನ ಖಾತೆಯಿಂದ ಒಟ್ಟು ಇಷ್ಟು ರೂಪಾಯಿ ಹೋದರೆ ಹುಡುಗನ ಖಾತೆಗೆ ಎಷ್ಟು ಯೂರೋ ಬೀಳುತ್ತದೆ? ಒಂದೇ ದಿನ ಎರಡು ಮೂರು ಬ್ಯಾಂಕು ಮತ್ತು ಆರ್‌ಬಿಐ ಪರವಾನಗಿ ಇರುವ ಫಾರೆಕ್ಸ್ (ವಿದೇಶಿ ಹಣ ವಿನಿಮಯದ) ಸಂಸ್ಥೆಗಳಲ್ಲಿ ಕೇಳಿದರೆ ಯಾರು ಅಗ್ಗ ಅಂತ ತಾನೇ ಗೊತ್ತಾಗುತ್ತದೆ. ದಾರಿಯಲ್ಲಿ ಮಧ್ಯದ ಬ್ಯಾಂಕು ಏನಾದರೂ ಮುರಿದುಕೊಳ್ಳುತ್ತದಾ ಅಂತಲೂ ಕೇಳಿ.

ಇನ್ನೊಂದು, ತಿಂಗಳು ತಿಂಗಳು ಕಳಿಸಬೇಡಿ. ಸಲಕ್ಕೆ 500 ರೂಪಾಯಿ ಕಮಿಷನ್ ಅಂದುಕೊಂಡರೆ ವರ್ಷಕ್ಕೆ 6,000 ಆಯಿತು. ಮೂರು ತಿಂಗಳಿಗೊಮ್ಮೆ 60,000 ಕಳಿಸಿದರೆ 2,000ದಲ್ಲಿ ಮುಗಿಯುತ್ತದೆ. ಹುಡುಗ ಮೊದಲ ತಿಂಗಳಲ್ಲೇ ಖಾಲಿ ಮಾಡುತ್ತಾನೆ ಅನ್ನೋ ಅನುಮಾನ ಇದ್ದರೆ ಅದು ನಿಮಗೂ ಅವನಿಗೂ ಬಿಟ್ಟ ವಿಷಯ!

ಈಗ ಯಾರ ಹೆಸರಲ್ಲಿ ಕಳಿಸಬೇಕು ಅನ್ನೋದು. ಆರ್‌ಬಿಐ ಹೇಳುವ ಹತ್ತಿರದ ಸಂಬಂಧಿಗಳ ಪಟ್ಟಿಯಲ್ಲಿ ಅಪ್ಪ, ಅಮ್ಮ, ಮಕ್ಕಳು, ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದಾರೆ, ಅಕ್ಕನ ಮಗ ಇಲ್ಲ. (ಸೋದರಮಾವನಿಗೆ ನಮ್ಮ ಕಡೆ ಇರುವ ಜಾಗ ಅಲ್ಲಿ ಇಲ್ಲ ನೋಡಿ.) ಹಾಗಾಗಿ ನೀವೇ ಕಳಿಸಿದರೆ ಫಾರಂನಲ್ಲಿ ಉಡುಗೊರೆ ಅಂತ ಬರೆಯಬೇಕು, ಅದಕ್ಕೆ ಅಡ್ಡಿಯಿಲ್ಲ. ಆದರೆ ಇದಕ್ಕಿಂತ ಸಲೀಸು, ದುಡ್ಡನ್ನು ಅಕ್ಕನ ಖಾತೆಗೆ ಹಾಕಿಬಿಡಿ. ತಮ್ಮ ಅಕ್ಕನಿಗೆ ಕೊಟ್ಟಿದ್ದಕ್ಕೆ ತೆರಿಗೆ ಇಲ್ಲ. ಮಗನ ಖರ್ಚಿಗೆ ಅಂತ ಅವರೇ ಕಳಿಸಲಿ. ಕಳಿಸುವವರಿಗೆ ಪಾನ್ ಕಾರ್ಡ್ ಬೇಕೇ ಬೇಕು, ಕೃಷಿ ಆದಾಯ ಮಾತ್ರ ಇದ್ದರೂ ಬೇಕು.

ಸೊಸೈಟಿ ಖಾತೆಯಿಂದ ನೇರ ಹೊರದೇಶಕ್ಕೆ ಹೋಗಲ್ಲ, ಮೊದಲು ಬ್ಯಾಂಕಿಗೆ ತನ್ನಿ. ಸಣ್ಣ ಊರಿನ ಶಾಖೆಗಳಲ್ಲಿ ಫಾರೆಕ್ಸ್ ಕೆಲಸ ನಡೆಯದೇ ಇರಬಹುದು. ಸುಮ್ನೆ ಶಿವಮೊಗ್ಗಕ್ಕೆ ಬಸ್ ಹತ್ತುವ ಮೊದಲು ನೆಟ್‌ಬ್ಯಾಂಕಿಂಗಲ್ಲೇ ಆಗುತ್ತಾ ಅಂತ ಫೋನ್ ಮಾಡಿ ಕೇಳಿ.

ಪ್ರಶ್ನೆ: ಮಗಳು ಐರ್ಲೆಂಡಲ್ಲಿದ್ದಾಳೆ. ಅಲ್ಲೇ ಕೆಲಸದಲ್ಲಿರುವ ನಮ್ಮೂರ ಹುಡುಗ ಅವಳಿಗೆ ಯೂರೋ ಕೊಡುತ್ತಾನಂತೆ, ನಾವು ಇಲ್ಲಿ ಅವನ ಅಪ್ಪನಿಗೆ ರೂಪಾಯಿ ಕೊಟ್ಟರೆ ಸಾಕಂತೆ. ಒಂದು ಪೈಸೆ ಕಮಿಷನ್ ಇಲ್ಲ. ಮಾಡಬಹುದಾ?
– ಓದುಗರು, ಸಾಗರ

ಉತ್ತರ: ಬೇಡ. ಪರಿಚಯದವರೇ ಆದರೂ ಅದು ಫೆಮಾ (ವಿದೇಶಿ ವಿನಿಮಯ) ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ಆ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು. ಮೇಲಿನ ಲೆಕ್ಕದ ಪ್ರಕಾರ ಬ್ಯಾಂಕಲ್ಲೇ ಕಳಿಸಿ.