ರೋಹುವಿನ ಮೊದಲ ಕಿವಿರಿಗೆ ಯಾವ ನರ?

ಮೊದಲ ಕಿವಿರು ಕಮಾನಿಗೆ (ಕಿವಿರನ್ನು ಹೊತ್ತ ಬಾಗಿದ ಮೂಳೆ) ಮಿದುಳಿನಿಂದ ಹೊರಡುವ 9ನೇ ನರವೋ 10ನೇದೋ ಎಂದು ಕೇಳಿದ್ದೀರಿ. ರೋಹುವಿನಂಥ ಮೂಳೆಮೀನಿನಲ್ಲಿ ಎರಡೂ ಬರುತ್ತವೆ. ಉಳಿದ ಮೂರು ಕಮಾನುಗಳಿಗೆ ಬರೀ 10ನೇದು, ಅಂದರೆ ವೇಗಸ್. ಗೊಂದಲ ಆಗೋದು ಪಠ್ಯಪುಸ್ತಕದ ಶಾರ್ಕ್ ಚಿತ್ರದಿಂದ. ಅಲ್ಲಿ ಮೊದಲ ಸೀಳು (ಕಿವಿರುಗಳ ನಡುವೆ ನೀರು ಹೊರಹೋಗುವ ಸಂದು) 9ನೇ ನರದ ಪಾಲು, ಹಿಂದಿನವು ವೇಗಸ್ ಪಾಲು. ಧಾರವಾಡದಲ್ಲಿ ಬಿಎಸ್‌ಸಿ ಓದುವಾಗ ನಾವೂ ಅದನ್ನೇ ಬಾಯಿಪಾಠ ಮಾಡಿ, ಹುಬ್ಬಳ್ಳಿ ಮಾರ್ಕೆಟ್‌ನಿಂದ ತಂದ ರೋಹುವಿನಲ್ಲಿ ಹುಡುಕುತ್ತಾ ಕೂತಿದ್ದೆವು ನೋಡ್ರಿ!

ಪ್ರತಿ ನರವೂ ಸೀಳಿನ ಹತ್ತಿರ ಕವಲೊಡೆಯುತ್ತದೆ. ಸೀಳಿನ ಮುಂದೆ ಇಳಿಯುವ ಕವಲು ಸುದ್ದಿಯನ್ನು ಮಿದುಳಿಗೆ ಒಯ್ಯುತ್ತದೆ, ಅಷ್ಟೇ. ಹಿಂದೆ ಇಳಿಯುವುದು ಅದರ ಜೊತೆಗೆ ಸ್ನಾಯುಗಳಿಗೆ ಆಜ್ಞೆಯನ್ನೂ ತರುತ್ತದೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಜಾಸ್ತಿ ಕೇಳೋದು ಇದನ್ನೇ. ಕಿವಿರು ಮುಚ್ಚಳವನ್ನು ಎತ್ತುವ, ಮುಚ್ಚುವ ಸ್ನಾಯುಗಳು ಮಾತ್ರ 7ನೇ ನರದವು, ಅಲ್ಲಿ ವೇಗಸ್ ಬರೆದು ಸುಮ್ನೆ ಅಂಕ ಕಳೆದುಕೊಳ್ಳಬೇಡಿ.

ಮೊದಲ ಕಮಾನಿಗೆ ಎರಡು ನರ ಯಾಕೆ ಗಮನಿಸಬೇಕು ಅಂದರೆ, ನೀರಿನಲ್ಲಿ ಆಮ್ಲಜನಕ ಇಳಿದಾಗ ಮೀನಿನ ಎದೆಬಡಿತ ನಿಧಾನವಾಗುತ್ತದೆ. ಟ್ರೌಟ್ ಮೀನಿನಲ್ಲಿ ಈ ಕಮಾನಿನ ಎರಡೂ ನರ ಕತ್ತರಿಸಿದರೆ ಹಾಗಾಗುವುದಿಲ್ಲ. ಅಂದರೆ ಟ್ರೌಟ್‌ನಲ್ಲಿ ಆಮ್ಲಜನಕ ಕಡಿಮೆಯಾದ ಸುಳಿವು ಹೃದಯಕ್ಕೆ ಸಿಗುವುದು ಈ ಕಮಾನಿನಿಂದಲೇ.